ಬೇಲಿ ಹಾಕಿದ್ದು ನಾವು, ಆನೆ ಬಂದಿದ್ದು ಅವರ ದಾರಿಗೆ

"ನಿಮ್ಮ ಬೇಲಿ ಆದ ಮೇಲೆ ಆನೆ ನಮ್ಮ ದಾರಿಗೆ ಬರ್ತಿದೆ ಅಣ್ಣಾ."

ನಮ್ಮ ತೋಟಕ್ಕೆ ಕಾಫಿ ಕೊಯ್ಯಲು ಬರುವ ಅಕ್ಕ ಒಬ್ಬರು ಎರಡು ವರ್ಷದ ಹಿಂದೆ ಹೇಳಿದ ಮಾತಿದು. ದೂರುವ ದನಿ ಇರಲಿಲ್ಲ. ಇವತ್ತು ಮಂಜು ಜಾಸ್ತಿ ಅನ್ನುವ ಹಾಗೆ ಹೇಳಿದರು. ಚೀಲ ಸೊಂಟಕ್ಕೆ ಕಟ್ಟಿಕೊಂಡು ಸಾಲಿಗೆ ಇಳಿದರು. ನಾನು ಅಲ್ಲೇ ನಿಂತುಬಿಟ್ಟೆ.

ನಮ್ಮದು ಕೊಡಗಿನ ಸಿದ್ದಾಪುರದ ಕಡೆ. ನಾಲ್ಕು ಎಕರೆ ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು. ಬೇಲಿ ಹಾಕುವ ಹಿಂದಿನ ವರ್ಷ ಒಂದೇ ರಾತ್ರಿಯಲ್ಲಿ ಆನೆ ಹಿಂಡು ಬಾಳೆಯನ್ನೆಲ್ಲ ತಿಂದಿತ್ತು. ಬಳ್ಳಿ ಸಮೇತ ಎರಡು ಮರ ಉರುಳಿಸಿತ್ತು. ಫಸಲು ಬಿಡುತ್ತಿದ್ದ ಮೂವತ್ತೋ ನಲವತ್ತೋ ಕಾಫಿ ಗಿಡ ಬುಡಕ್ಕೇ ಮುರಿದಿತ್ತು. ಒಂದು ಕಾಫಿ ಗಿಡ ಫಸಲಿಗೆ ಬರೋಕೆ ಎಷ್ಟು ವರ್ಷ ಬೇಕು ಅಂತ ಬೆಳೆಗಾರರಿಗೆ ಗೊತ್ತು. ಆ ಬೆಳಿಗ್ಗೆ ಅಪ್ಪ ಮಾತೇ ಆಡಲಿಲ್ಲ. ಮಳೆ ಮುಗಿದ ಮೇಲೆ ಸಾಲ ಮಾಡಿ ಸುತ್ತ ಸೋಲಾರ್ ಬೇಲಿ ಹಾಕಿಸಿದೆವು. ಆಮೇಲೆ ಒಂದು ಗಿಡವೂ ಹೋಗಲಿಲ್ಲ. ಅಮ್ಮ ನೆಮ್ಮದಿಯಿಂದ ಮಲಗಿದರು. ನಾನು ಯಾರ ತಂಟೆಗೂ ಹೋಗಿಲ್ಲ, ನನ್ನ ಜಾಗ ನಾನು ಕಾಯ್ದುಕೊಂಡಿದ್ದೇನೆ, ಆನೆಗೂ ನೋವಾಗಿಲ್ಲ ಅಂದುಕೊಂಡಿದ್ದೆ.

ಆದರೆ ಬೇಲಿ ಕಂಡು ತಿರುಗಿದ ಆನೆ ಎಲ್ಲಿಗೆ ಹೋಯಿತು? ಅದನ್ನು ನಾನು ಕೇಳಿಕೊಂಡೇ ಇರಲಿಲ್ಲ. ಪಕ್ಕದ ದೊಡ್ಡ ತೋಟಕ್ಕೆ ಮೊದಲೇ ಬೇಲಿ ಇತ್ತು. ಅವರ ಬೇಲಿಗೂ ನಮ್ಮ ಬೇಲಿಗೂ ನಡುವೆ ಉಳಿದದ್ದು ಒಂದು ಮಣ್ಣಿನ ದಾರಿ. ತೋಟದ ಕೂಲಿಯವರು ಇರುವ ಸಾಲು ಮನೆಗಳಿಂದ, ನಾವು ಲೈನ್ ಮನೆ ಅನ್ನುವ ಕಡೆಯಿಂದ, ಜನ ಕೆಲಸಕ್ಕೆ ನಡೆದು ಬರುವುದು ಅದೇ ದಾರಿಯಲ್ಲಿ. ಬೆಳಿಗ್ಗೆ ಏಳಕ್ಕೂ ಮುಂಚೆ, ಮಂಜು ಇನ್ನೂ ಬಿಟ್ಟಿರದ ಹೊತ್ತಿನಲ್ಲಿ. ಮುಂಚೆ ನಾಲ್ಕು ದಿಕ್ಕಿಗೆ ಚದುರುತ್ತಿದ್ದ ಆನೆಗಳನ್ನು ನಾವು ಎರಡು ತೋಟದವರು ಸೇರಿ ಒಂದೇ ಓಣಿಗೆ ತಳ್ಳಿದ್ದೆವು. ಆ ಓಣಿಯಲ್ಲಿ ನಡೆಯುವವರಿಗೆ ಬೇಲಿ ಹಾಕಿಕೊಳ್ಳಲು ಅಂಗೈ ಅಗಲ ಜಾಗವೂ ಇಲ್ಲ.

ಕೊಡಗಿನಲ್ಲಿ ಈಗ ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಆನೆಯ ಮಾತು. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಕಣದಲ್ಲಿ. ಮಾತು ಹೆಚ್ಚಾಗಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೆ. ನೀನು ಆನೆ ಕಡೆಯೋ, ಜನರ ಕಡೆಯೋ? ನಮ್ಮಲ್ಲಿ ಬಹಳ ಜನ ಕೊಡುವ ಉತ್ತರ, ನಾನು ಯಾರ ಕಡೆಯೂ ಅಲ್ಲ ಅಂತ. ಎಷ್ಟೋ ವರ್ಷ ನಾನೂ ಅದನ್ನೇ ಹೇಳಿದೆ. ಆ ಅಕ್ಕನ ಮಾತು ಕೇಳಿದ ಮೇಲೆ ಹೇಳೋಕೆ ಆಗುತ್ತಿಲ್ಲ. ಯಾರ ಕಡೆಯೂ ಅಲ್ಲ ಅಂತ ಕೂರುವ ಅನುಕೂಲ ಬೇಲಿ ಇರುವವರಿಗೆ ಮಾತ್ರ ಇದೆ.

ಬೇಲಿ ಹೇಗೆ ಕೆಲಸ ಮಾಡುತ್ತೆ

ಮೊದಲು ಬೇಲಿಗಳ ವಿಷಯ ಸ್ವಲ್ಪ ಬಿಡಿಸಿ ನೋಡೋಣ. ಎಲ್ಲಿ ಬೇಲಿ ಬೇಕು, ಎಂಥದ್ದು ಬೇಕು ಅನ್ನುವ ಜಗಳದಲ್ಲಿ ಅದು ಏನು ಮಾಡುತ್ತೆ ಅನ್ನೋದೇ ಮರೆತುಹೋಗುತ್ತೆ.

ಸೋಲಾರ್ ಬೇಲಿಯ ತಂತಿಯಲ್ಲಿ ಕರೆಂಟು ಸದಾ ಹರಿಯುತ್ತಿರುವುದಿಲ್ಲ. ಬ್ಯಾಟರಿಗೆ ಜೋಡಿಸಿದ ಒಂದು ಪೆಟ್ಟಿಗೆ ಸುಮಾರು ಸೆಕೆಂಡಿಗೊಮ್ಮೆ ಕಣ್ಣುಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಒಂದು ಏಟು ಕಳಿಸುತ್ತೆ. ವೋಲ್ಟೇಜು ಸಾವಿರಗಳ ಲೆಕ್ಕದಲ್ಲಿ ಇರುತ್ತೆ, ಆದರೆ ಆ ಏಟಿನಲ್ಲಿ ಶಕ್ತಿ ಬಹಳ ಕಡಿಮೆ. ಆನೆಗೆ ಜೋರಾಗಿ ಚುರುಕ್ ಅನ್ನುತ್ತೆ, ಸಾಯುವುದಿಲ್ಲ. ಕೆಲವರು ಮನೆಯ ಕರೆಂಟನ್ನೇ ನೇರವಾಗಿ ತಂತಿಗೆ ಕೊಡುತ್ತಾರೆ. ಅದು ಕೊಲೆಗಡುಕ ಕೆಲಸ. ಆನೆಯೂ ಸಾಯುತ್ತೆ, ಮನುಷ್ಯರೂ ಸಾಯುತ್ತಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆನೆ ಮೊದಲನೇ ಪಟ್ಟಿಯಲ್ಲಿದೆ. ಹಾಗೆ ಕೊಂದರೆ ಜೈಲು.

ಸೋಲಾರ್ ಬೇಲಿ ಗೋಡೆ ಇದ್ದ ಹಾಗಲ್ಲ, ಅದೊಂದು ಹೆದರಿಕೆ ಅಷ್ಟೆ. ಆನೆಗೆ ಆ ಹೆದರಿಕೆ ಎಲ್ಲಿವರೆಗೆ ಅನ್ನೋದು ಬೇಗ ಗೊತ್ತಾಗುತ್ತೆ. ದಂತಕ್ಕೆ ಕರೆಂಟು ಸರಿಯಾಗಿ ಹಿಡಿಯಲ್ಲ, ಹಾಗಾಗಿ ದಂತದಿಂದ ತಂತಿ ಎತ್ತುತ್ತೆ. ಕಂಬವನ್ನು ಕಾಲಿನಿಂದ ಒತ್ತಿ ಬೀಳಿಸುತ್ತೆ. ಪಕ್ಕದ ಮರ ಮುರಿದು ತಂತಿ ಮೇಲೆ ಹಾಕುತ್ತೆ. ನಮ್ಮ ಮಳೆಯಲ್ಲಂತೂ ಆನೆಯೇ ಬೇಕಿಲ್ಲ. ಎರಡು ವಾರ ಕಳೆ ತೆಗೆಯದಿದ್ದರೆ ಹುಲ್ಲು ಬೆಳೆದು ತಂತಿಗೆ ತಾಗಿ ಏಟೆಲ್ಲ ನೆಲಕ್ಕೆ ಇಳಿಯುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ದಿನಗಳಲ್ಲಿ ಬ್ಯಾಟರಿ ತುಂಬಲ್ಲ. ಅದಕ್ಕೇ ಈಗ ಮೇಲಿಂದ ತಂತಿ ಇಳಿಬಿಡುವ ತೂಗು ಬೇಲಿ ಬಂದಿದೆ. ಅದು ಮೇಲು, ಆದರೆ ದುಬಾರಿ. ದಿನಾ ನೋಡಿಕೊಳ್ಳುವ ಆಳು ಇದ್ದವರ ಬೇಲಿ ನಿಲ್ಲುತ್ತೆ. ಇಲ್ಲದವರದ್ದು ಒಂದು ಮಳೆಗಾಲಕ್ಕೆ ಸುಮ್ನೆ ತಂತಿಯಾಗುತ್ತೆ.

ಆನೆ ಕಂದಕದ ಕಥೆಯೂ ಹೀಗೇ. ಸುಮಾರು ಮೂರು ಮೀಟರ್ ಅಗಲ, ಮೂರು ಮೀಟರ್ ಆಳದ ಹಳ್ಳ. ಬಯಲುಸೀಮೆಯ ಗಟ್ಟಿ ನೆಲದಲ್ಲಿ ಒಂದಷ್ಟು ಕಾಲ ನಿಂತೀತು. ಇಲ್ಲಿ ಒಂದೆರಡು ಮಳೆಗೆ ಅಂಚು ಕುಸಿಯುತ್ತೆ. ಉಳಿದದ್ದನ್ನು ಆನೆಯೇ ಕಾಲಿಂದ ಕೆದರಿ ಇಳಿಜಾರು ಮಾಡಿಕೊಳ್ಳುತ್ತೆ. ಬಂಡೆ ಇದ್ದ ಕಡೆ ಅಗೆಯೋಕೆ ಆಗಲ್ಲ. ತೋಡು, ಅಂದರೆ ಸಣ್ಣ ಹೊಳೆ, ಹರಿಯುವ ಕಡೆ ಬಿಡಲೇಬೇಕು. ಆ ಬಿಟ್ಟ ಜಾಗವೇ ಆನೆಗೆ ಬಾಗಿಲು. ಹಳ್ಳ ತೋಡಿ ಗಡಿ ಮಾಡುವುದು ಕೊಡಗಿಗೆ ಹೊಸದೇನೂ ಅಲ್ಲ. ನಾಡು ನಾಡುಗಳ ನಡುವೆ ಯುದ್ಧಕಾಲದಲ್ಲಿ ತೋಡಿದ ಕಡಂಗಗಳು ಕಾಡಿನಲ್ಲಿ, ತೋಟಗಳಲ್ಲಿ ಇವತ್ತಿಗೂ ಕಾಣುತ್ತವೆ. ಕಡಂಗ ಅಂತ ಹೆಸರಿರುವ ಊರೇ ಇದೆ. ಚಿಕ್ಕವನಿದ್ದಾಗ ಅಂಥ ಒಂದು ಹಳ್ಳದಲ್ಲಿ ನಾವು ಅಡಗಿ ಆಡುತ್ತಿದ್ದೆವು. ಯಾರ ವಿರುದ್ಧ ಅದನ್ನು ತೋಡಿದ್ದರೋ ಅವರ ಮೊಮ್ಮಕ್ಕಳೂ ನಮ್ಮ ಜೊತೆ ಆಡಿರಬಹುದು.

ಈಗ ಎಲ್ಲರ ಆಸೆ ರೈಲ್ವೆ ಕಂಬಿಯ ತಡೆಬೇಲಿ ಮೇಲೆ. ಹಳೆಯ ರೈಲು ಕಂಬಿ ನೆಟ್ಟು ಅಡ್ಡ ಜೋಡಿಸುವ ಬೇಲಿ ಅದು. ಕಿಲೋಮೀಟರ್‌ಗೆ ಒಂದು ಕೋಟಿ ರೂಪಾಯಿಗೂ ಜಾಸ್ತಿ ಖರ್ಚು. ಇರುವುದರಲ್ಲಿ ಗಟ್ಟಿಯಾದದ್ದು ಇದೇ, ಒಪ್ಪುತ್ತೇನೆ. ಆದರೆ 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಕಡೆ ಒಂದು ಸಲಗ ಆ ಕಂಬಿ ದಾಟಲು ಹೋಗಿ ಸಿಕ್ಕಿಕೊಂಡು ಸತ್ತಿತು. ಆ ಫೋಟೋ ನೋಡಿದವರಿಗೆ ಮರೆಯಲು ಆಗಲ್ಲ. ಊರಿನಿಂದ ಕಾಡಿಗೆ ಮರಳುವ ಹೊತ್ತಿನಲ್ಲಿ ಆ ಆನೆಗೆ ಬೇಲಿ ಅಡ್ಡವಾಗಿತ್ತು. ಒಳಗೆ ಬಂದ ಮೇಲೆ ಹೊರಗೆ ಹೋಗಲು ಬಿಡದ ಬೇಲಿ ಊರಿಗೂ ಅಪಾಯ, ಆನೆಗೂ ಅಪಾಯ.

ಇನ್ನೊಂದು ವಿಷಯ. ಬೇಲಿ ಕಾಡಿನ ಅಂಚಿನಲ್ಲಿ ಇರಬೇಕು ಅಂತ ನಾವು ಹೇಳುತ್ತೇವೆ. ಕೊಡಗಿನಲ್ಲಿ ಕಾಡಿನ ಅಂಚು ಯಾವುದು? ಪೂರ್ವಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬ್ರಹ್ಮಗಿರಿ, ಪಶ್ಚಿಮಕ್ಕೆ ತಲಕಾವೇರಿ, ಉತ್ತರಕ್ಕೆ ಪುಷ್ಪಗಿರಿ. ನಡುವೆ ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ಬೆಳೆಯುವ ತೋಟಗಳು. ಆ ತೋಟಗಳ ನಡುವೆ ಸಾವಿರಕ್ಕೂ ಹೆಚ್ಚು ದೇವರಕಾಡುಗಳು, ಮರಗಳಿರುವ ಬಾಣೆ ಜಾಗಗಳು, ತೋಡುಗಳು. ಆನೆಯ ಕಣ್ಣಿಗೆ ಇದೆಲ್ಲ ಒಂದೇ ನೆರಳು. ಕಾಡಿನೊಳಗೆ ಬ್ರಿಟಿಷರ ಕಾಲದಿಂದ ತೇಗ ನೆಟ್ಟಿದ್ದಾರೆ, ತೇಗದಲ್ಲಿ ಆನೆಗೆ ಹೊಟ್ಟೆ ತುಂಬಲ್ಲ. ಹತ್ತು ಹದಿನೈದು ವರ್ಷದ ಹಿಂದೆ ಬಿದಿರು ಹೂ ಬಿಟ್ಟು ಒಣಗಿತು. ಆ ಜಾಗಕ್ಕೆ ಲಾಂಟಾನ ಕಳೆ ನುಗ್ಗಿತು. ತೋಟದಲ್ಲಿ ಹಲಸು ಇದೆ, ಬಾಳೆ ಇದೆ, ಬೈನೆ ಮರ ಇದೆ, ಬೇಸಿಗೆಯಲ್ಲೂ ನೀರಿರುವ ಕೆರೆ ಇದೆ. ದಿನಕ್ಕೆ ಸುಮಾರು 150 ಕೆಜಿ ಮೇವು ಬೇಕಿರುವ ಪ್ರಾಣಿ ಎಲ್ಲಿಗೆ ಹೋಗಬೇಕು ಹೇಳಿ? ಕಾಡಿಗೆ ಅಟ್ಟಿ ಅನ್ನುತ್ತೇವೆ. ಎಷ್ಟೋ ಆನೆಗಳು ಹುಟ್ಟಿದ್ದೇ ತೋಟದಲ್ಲಿ.

ಹಿಡಿದು ಸಾಗಿಸಿ ಅನ್ನುವವರೂ ಇದ್ದಾರೆ. ಪಕ್ಕದ ಹಾಸನ ಜಿಲ್ಲೆಯ ಆಲೂರು ಕಡೆಯಿಂದ 2014ರಲ್ಲಿ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆ ಬಂದವು. ಅದೇ ಜಿಲ್ಲೆಯ ಯಸಳೂರಿನಲ್ಲಿ 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಎಷ್ಟೋ ದಸರೆಗಳಲ್ಲಿ ಅಂಬಾರಿ ಹೊತ್ತ ಅರ್ಜುನ ಸತ್ತ. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚೋಕೂ ಮನಸ್ಸು ಬರಲಿಲ್ಲ.

ಹಾಗಂತ ಅಪಾಯ ಮಾಡುವ ಒಂಟಿ ಸಲಗವನ್ನೂ ಹಿಡಿಯಬೇಡಿ ಅಂತ ನಾನು ಹೇಳಲ್ಲ. ಒಂದೇ ಆನೆ ಮತ್ತೆ ಮತ್ತೆ ಜನರನ್ನು ಕೊಂದರೆ ಹಿಡಿಯಲೇಬೇಕು. ಆದರೆ 2023ರ ಗಣತಿಯ ಅಂದಾಜಿನಲ್ಲಿ ರಾಜ್ಯದಲ್ಲಿ 6,395 ಆನೆಗಳಿವೆ. ಅಷ್ಟನ್ನೂ ಹಿಡಿದು ಮುಗಿಸುವ ದಾರಿ ಇಲ್ಲ.

ಸಭೆಯಲ್ಲಿ ಸುಮ್ಮನೆ ಕೂತವರು

ಬೇಲಿ ಎಲ್ಲಿ ಬರಬೇಕು ಅಂತ ಮಾತಾಡಲು ನಮ್ಮ ಕಡೆ ಒಂದು ಸಭೆ ಆಯಿತು. ಮುಂದಿನ ಸಾಲಿನಲ್ಲಿ ದೊಡ್ಡ ಬೆಳೆಗಾರರು. ಅವರ ಹಿಂದೆ ನಮ್ಮಂಥ ಸಣ್ಣವರು. ಬಾಗಿಲ ಹತ್ತಿರ ಇಬ್ಬರು ಹೋಮ್‌ಸ್ಟೇ ನಡೆಸುವವರು. ಲೈನ್ ಮನೆಯಿಂದ ಒಬ್ಬರೂ ಇಲ್ಲ, ಕೆಲಸದ ದಿನ ಅಲ್ವಾ. ಒಬ್ಬರು ಎದ್ದು ಆನೆಗಳನ್ನೆಲ್ಲ ಸಾಗಿಸಿ ಅಂದರು. ಇನ್ನೊಬ್ಬರು ಆನೆ ದಾರಿಗೆ ನಾವೇ ಬಂದಿದ್ದು ಅಂದರು. ಕೂಗಾಟ ಆಯಿತು. ಉಳಿದ ನಲವತ್ತು ಜನ ನೆಲ ನೋಡುತ್ತಾ ಕೂತೆವು. ಸಭೆ ಮುಗಿದಾಗ ಗೆರೆ ಎಲ್ಲಿ ಹೋಗಬೇಕು ಅಂತ ತೀರ್ಮಾನ ಆಗಿತ್ತು. ಮುಂದಿನ ಸಾಲಿನವರು ಮೊದಲೇ ಮಾತಾಡಿಕೊಂಡಿದ್ದ ಗೆರೆಯೇ ಅದು. ನಮ್ಮ ಮೌನವನ್ನು ಒಪ್ಪಿಗೆ ಅಂತ ಬರೆದುಕೊಂಡರು.

ನಾನು ಯಾಕೆ ಸುಮ್ಮನಿದ್ದೆ? ಕಾಫಿ ಹಣ್ಣಿನ ಸಿಪ್ಪೆ ಬಿಡಿಸಲು ದೊಡ್ಡ ತೋಟದವರ ಪಲ್ಪರ್ ಯಂತ್ರ ನಮಗೆ ಬೇಕಾಗುತ್ತೆ. ಆನೆ ಪರ ಮಾತಾಡಿದರೆ ಕಳೆದ ವರ್ಷ ಮಗನನ್ನು ಕಳೆದುಕೊಂಡ ಮನೆಯವರ ಮುಖ ಹೇಗೆ ನೋಡಲಿ ಅನ್ನುವ ಸಂಕಟ. ಆನೆ ವಿರುದ್ಧ ಮಾತಾಡಿದರೆ ನನಗೇ ಸುಳ್ಳು ಅನಿಸುತ್ತೆ. ಇವೆಲ್ಲ ನಿಜವಾದ ಕಾರಣಗಳೇ. ಸುಮ್ಮನೆ ಕೂರುವವರೆಲ್ಲ ಹೇಡಿಗಳು ಅಂತ ಬೈಯಲು ನನಗೆ ಮನಸ್ಸಿಲ್ಲ. ಊರಲ್ಲಿ ನಾಳೆಯೂ ಬದುಕಬೇಕಾದವರ ಮೌನಕ್ಕೆ ಬೇರೆಯೇ ತೂಕ ಇದೆ. ಆದರೂ ಆ ಮೌನದಿಂದ ಗೆರೆ ಯಾರ ಕಡೆ ವಾಲಿತು ಅಂತ ನೋಡಲೇಬೇಕು.

ಹೀಗೆ ಎರಡೂ ಕಡೆ ಜಾರುವ ಮಾತಿಗೆ ನಮ್ಮಲ್ಲಿ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅನ್ನುತ್ತಾರೆ. ದೀಪದ ಬೆಳಕು ಎರಡೂ ಮನೆಗೆ ಬೀಳುತ್ತೆ, ಸರಿ. ಗೋಡೆಯ ಬುಡ ಮಾತ್ರ ಎರಡೂ ಕಡೆ ಕತ್ತಲೆಯಲ್ಲೇ ಇರುತ್ತೆ. ಬುಡದಲ್ಲಿ ನಡೆಯುವವರು ಯಾರು ಅಂತ ದೀಪ ಇಟ್ಟವನಿಗೆ ಕಾಣಲ್ಲ. ಇನ್ನೊಂದು ಗಾದೆ, ಓತಿಕೇತಕ್ಕೆ ಬೇಲಿ ಸಾಕ್ಷಿ. ಬೇಲಿ ಇದ್ದವರೇ ಸೇರಿ ಬೇಲಿಯ ಗೆರೆ ಎಳೆದರೆ ಇನ್ನೇನಾಗುತ್ತೆ?

ಸಹಬಾಳ್ವೆ ಅನ್ನುವ ಮಾತಿನ ಗತಿಯೂ ಹಾಗೇ ಆಗಿದೆ. ಹೈಕೋರ್ಟ್ ಹೇಳಿದ ಮೇಲೆ ರಚನೆಯಾದ ಆನೆ ಕಾರ್ಯಪಡೆ, ವಿಜ್ಞಾನಿ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಕೊಟ್ಟಿತು. ಆನೆ ಇರುವ ಜಾಗಗಳನ್ನು ಮೂರು ಥರ ನೋಡಿ ಅಂದಿತು. ಆನೆಗೇ ಮೊದಲ ಹಕ್ಕಿರುವ ಜಾಗ, ಆನೆ ಮತ್ತು ಜನ ಇಬ್ಬರೂ ಇರಬೇಕಾದ ಜಾಗ, ಆನೆಯನ್ನು ತೆಗೆಯಬೇಕಾದ ಜಾಗ. ಇದು ಅಡ್ಡಗೋಡೆ ಮೇಲಿನ ದೀಪ ಅಲ್ಲ. ಇಂಥ ಕಡೆ ಇಂಥವರ ಪಕ್ಷ ಅಂತ ಬಾಯಿಬಿಟ್ಟು ಹೇಳಿದ ವರದಿ ಅದು. ನಾವು ಅದರಿಂದ ನಡುವಿನ ಮಾತನ್ನು ಮಾತ್ರ ಎತ್ತಿಕೊಂಡೆವು. ಭಾಷಣದಲ್ಲಿ ಸಹಬಾಳ್ವೆ, ಪೋಸ್ಟರ್‌ನಲ್ಲಿ ಸಹಬಾಳ್ವೆ. ಆ ಬಾಳ್ವೆಗೆ ಬೆಲೆ ಕೊಡುತ್ತಿರುವವರು ಯಾರು ಅಂತ ಕೇಳಿದವರು ಕಡಿಮೆ.

ಎರಡು ಬಾಗಿಲಿನ ಗುಡಾರ

ಹಾಗಾದರೆ ತಟಸ್ಥರಾಗಿರುವುದೇ ತಪ್ಪಾ? ನಾನು ಹಾಗೆ ಹೇಳುತ್ತಿಲ್ಲ. ತಟಸ್ಥನ ಕೆಲಸ ಎಷ್ಟು ಕಷ್ಟದ್ದು ಅಂತ ತೋರಿಸಿದವರು ನಮ್ಮ ಊರಿನವರೇ.

ಜನರಲ್ ಕೆ.ಎಸ್. ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ಅವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ. ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಯುದ್ಧದ ಕಥೆಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಅವರ ಬದುಕಿನಲ್ಲಿ ಅದಕ್ಕಿಂತ ದೊಡ್ಡದು ಅನಿಸುವುದು ಕೊರಿಯಾದಲ್ಲಿ ಕಳೆದ ತಿಂಗಳುಗಳು.

1953ರ ಜುಲೈನಲ್ಲಿ ಕೊರಿಯಾ ಯುದ್ಧ ನಿಂತಿತು. ಎರಡೂ ಕಡೆ ಸೇರಿ 22 ಸಾವಿರಕ್ಕೂ ಹೆಚ್ಚು ಕೈದಿಗಳು ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದರು. ಅದು ನಿಜವಾಗಿ ಅವರದ್ದೇ ಮಾತೋ, ಯಾರಾದರೂ ಹೆದರಿಸಿ ಹೇಳಿಸಿದ್ದೋ? ಅದನ್ನು ನೋಡಲು ಐದು ತಟಸ್ಥ ದೇಶಗಳ ಆಯೋಗ ಮಾಡಿದರು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ. ಅಧ್ಯಕ್ಷರು ತಿಮ್ಮಯ್ಯ.

ಹೆಸರಿಗೆ ಐವರೂ ತಟಸ್ಥರು. ಕೆಲಸಕ್ಕೆ ಬಂದರೆ ಎರಡು ದೇಶ ಒಂದು ಕಡೆ, ಇನ್ನೆರಡು ಇನ್ನೊಂದು ಕಡೆ. ಮುಖ್ಯವಾದ ಒಂದೊಂದು ವಿಷಯವೂ ಭಾರತದ ಓಟಿಗೆ ಬಂದು ನಿಲ್ಲುತ್ತಿತ್ತು. ನಾನು ಯಾರ ಕಡೆಯೂ ಅಲ್ಲ ಅಂತ ಸುಮ್ಮನಿದ್ದರೆ ಆಯೋಗವೇ ನಿಂತುಹೋಗುತ್ತಿತ್ತು. ನಡುವೆ ನಿಂತವನ ಕೈಯಲ್ಲೇ ತೀರ್ಮಾನ ಇತ್ತು. ಆ ಭಾರವನ್ನು ತಿಮ್ಮಯ್ಯ ಹೊತ್ತರು.

ಕೈದಿಗಳಿದ್ದದ್ದು ಮುಳ್ಳುತಂತಿಯ ಬೇಲಿಯೊಳಗೆ. ಕಾವಲು ಭಾರತದ ಸೈನಿಕರದ್ದು. ದಕ್ಷಿಣ ಕೊರಿಯಾ ಸರಕಾರಕ್ಕೆ ಭಾರತದ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ನಮ್ಮ ಸೈನಿಕರು ತನ್ನ ನೆಲ ತುಳಿಯಬಾರದು ಅಂದಿತು. ಹಡಗಿನಲ್ಲಿ ಹೋದವರನ್ನು ಹೆಲಿಕಾಪ್ಟರ್‌ನಲ್ಲಿ ಗಡಿಯ ನಡುವಿನ ಪಟ್ಟಿಗೆ ಸಾಗಿಸಬೇಕಾಯಿತು. ಅಲ್ಲಿ ಗುಡಾರ ಹಾಕಿದ್ದರು. ಕೈದಿ ಒಳಗೆ ಬರುತ್ತಾನೆ. ಅವನ ದೇಶದವರು, ಮನೆಗೆ ಬಾ, ಏನೂ ಮಾಡಲ್ಲ ಅಂತ ಬಿಡಿಸಿ ಹೇಳುತ್ತಾರೆ. ಕೇಳಿ ಮುಗಿದ ಮೇಲೆ ಅವನ ಎದುರು ಎರಡು ಬಾಗಿಲು. ಒಂದು ಊರಿಗೆ, ಇನ್ನೊಂದು ಮತ್ತೆ ಕ್ಯಾಂಪಿಗೆ. ಯಾವ ಬಾಗಿಲು ಅನ್ನೋದು ಅವನಿಗೆ ಬಿಟ್ಟದ್ದು. ಅವನನ್ನು ಯಾರೂ ಎಳೆಯದ ಹಾಗೆ ನೋಡಿಕೊಳ್ಳುವುದು ತಟಸ್ಥರ ಕೆಲಸ.

ಇದಕ್ಕೆ 90 ದಿನ ಕೊಟ್ಟಿದ್ದರು. ಬಹಳ ಕೈದಿಗಳಿಗೆ ಆ ಗುಡಾರದೊಳಗೆ ಬರುವ ಅವಕಾಶವೇ ಆಗಲಿಲ್ಲ. ಅವಧಿ ಮುಗಿದಾಗ ತಿಮ್ಮಯ್ಯ, ಒಪ್ಪಂದದಲ್ಲಿ ನಮಗೆ ಕೊಟ್ಟ ಅಧಿಕಾರ ಇಷ್ಟೇ ಅಂತ ಹೇಳಿ, 1954ರ ಜನವರಿಯಲ್ಲಿ ಉಳಿದವರನ್ನು ಮುಂಚೆ ಹಿಡಿದಿಟ್ಟಿದ್ದವರ ಕೈಗೆ ಒಪ್ಪಿಸಿದರು. ಎರಡೂ ಕಡೆಯವರು ಆಕ್ಷೇಪ ಎತ್ತಿದರು. 80ಕ್ಕೂ ಹೆಚ್ಚು ಕೈದಿಗಳು ಎರಡೂ ಕಡೆ ಬೇಡ ಅಂದು ನಮ್ಮ ಸೈನಿಕರ ಜೊತೆ ಭಾರತಕ್ಕೆ ಬಂದರು. ಎರಡು ಬಾಗಿಲಿನ ಗುಡಾರಕ್ಕೆ ಮೂರನೇ ಬಾಗಿಲು ಮಾಡಿಕೊಂಡವರು ಅವರು.

ಹತ್ತು ವರ್ಷದ ಮೇಲೆ ವಿಶ್ವಸಂಸ್ಥೆ ತಿಮ್ಮಯ್ಯನವರನ್ನು ಸೈಪ್ರಸ್‌ಗೆ ಕಳಿಸಿತು. ಅಲ್ಲೂ ಗ್ರೀಕ್ ಜನ ಮತ್ತು ಟರ್ಕಿ ಜನರ ನಡುವೆ ಒಂದು ಗೆರೆ. ಆ ಗೆರೆ ಕಾಯುತ್ತಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ತಟ ಅಂದರೆ ದಡ. ದಡದಲ್ಲಿ ನಿಂತವನು ತಟಸ್ಥ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ಗುಹ್ಯ ಕಡೆ ಕಾವೇರಿ ದಡ ಮೀರಿ ಮನೆಗಳಿಗೆ ನುಗ್ಗಿದ್ದು ನೋಡಿದವರಿಗೆ ಗೊತ್ತು, ದಡದಲ್ಲಿ ನಿಂತಿದ್ದೇನೆ ಅನ್ನುವುದಕ್ಕೆ ಎಷ್ಟು ಅರ್ಥ ಉಳಿಯುತ್ತೆ ಅಂತ. ತಿಮ್ಮಯ್ಯ ದಡದಲ್ಲಿ ನಿಂತಿರಲಿಲ್ಲ. ಎರಡೂ ಕಡೆಯ ನೀರು ಬಡಿಯುವ ಜಾಗದಲ್ಲಿ ನಿಂತಿದ್ದರು. ಅವರಿಗೆ ಕೊಟ್ಟ ಕೆಲಸ ಇತ್ತು, ನಿಯಮ ಇತ್ತು. ಬಾಗಿಲು ಆರಿಸುವ ಮನುಷ್ಯನನ್ನು ಕಾಯುವ ಹೊಣೆ ಇತ್ತು.

ನಮ್ಮಲ್ಲೂ ಅಂಥ ಕೆಲಸ ಇರುವವರು ಇದ್ದಾರೆ. ಬೆಳೆ ಹಾನಿ ಅಳೆಯಲು ಬರುವ ಅರಣ್ಯ ಸಿಬ್ಬಂದಿ ದೊಡ್ಡ ತೋಟ, ಸಣ್ಣ ತೋಟ ಅಂತ ನೋಡಬಾರದು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಜೀಪು ಹತ್ತುವ, ಅರಣ್ಯ ಇಲಾಖೆಯ ತುರ್ತು ತಂಡವಾದ ಆರ್‌ಆರ್‌ಟಿಯ ಹುಡುಗರು ಯಾರ ಗೇಟಿನ ಹತ್ತಿರ ಆನೆ ಇದೆ ಅಂತ ಕೇಳಿ ಹೊರಡುವುದಿಲ್ಲ. ಆ ಹುಡುಗರಲ್ಲಿ ಎಷ್ಟೋ ಮಂದಿ ಕಾಯಂ ನೌಕರರಲ್ಲ. ಕಡಿಮೆ ಸಂಬಳಕ್ಕೆ ಜೀವ ಒತ್ತೆ ಇಟ್ಟಿದ್ದಾರೆ. ಅವರು ತಟಸ್ಥರಾಗಿರಲಿ, ಅದು ಅವರ ಕೆಲಸ. ನನಗೆ ಅಂಥ ಕೆಲಸ ಯಾರೂ ಕೊಟ್ಟಿಲ್ಲ. ನಾನು ಬೇಲಿ ಹಾಕಿದವನು.

ಯಾರ ಕಡೆ ನಿಲ್ಲಬೇಕು

ಆನೆ ಕಡೆಯೋ ಜನರ ಕಡೆಯೋ ಅನ್ನುವ ಪ್ರಶ್ನೆಯೇ ತಪ್ಪು ಜಾಗದಲ್ಲಿ ಗೆರೆ ಎಳೆಯುತ್ತೆ. ಜನ ಅಂದರೆ ಎಲ್ಲರೂ ಒಂದೇ ಅಲ್ಲ. ನಾನು ಜೀಪಿನಲ್ಲಿ ಹೋಗುತ್ತೇನೆ, ಅವರು ನಡೆದು ಹೋಗುತ್ತಾರೆ. ನನಗೆ ಮನೆಯೊಳಗೇ ಶೌಚಾಲಯ ಇದೆ. ಎಷ್ಟೋ ಲೈನ್ ಮನೆಗಳವರು ಕತ್ತಲಲ್ಲಿ ಹೊರಗೆ ಹೋಗಬೇಕು. ಆನೆ ಎದುರಾಗುವುದು ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ನಡೆಯುವವರಿಗೆ. ಈಗ ತೋಟಗಳಲ್ಲಿ ಅಸ್ಸಾಂ ಕಡೆಯಿಂದ ಬಂದವರು ಬಹಳ. ಅವರಿಗೆ ಇಲ್ಲಿನ ದಾರಿ ಗೊತ್ತಿಲ್ಲ, ಕನ್ನಡದಲ್ಲಿ ಬರುವ ಎಚ್ಚರಿಕೆ ಮೆಸೇಜು ಓದೋಕೆ ಬರಲ್ಲ. ಆನೆ ದಾಳಿಯಲ್ಲಿ ಸತ್ತವರ ಮನೆಗೆ ಕೊಡುವ ಪರಿಹಾರ 2022ರ ಕೊನೆಯಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿತು. ಒಳ್ಳೆಯದೇ ಆಯಿತು. ಆದರೆ ಮೇಸ್ತ್ರಿಯ ಪುಸ್ತಕದಲ್ಲಿ ಮಾತ್ರ ಹೆಸರಿರುವ ಒಬ್ಬ ಕೂಲಿಯ ಮನೆಯವರು ಸಾವಿರಾರು ಕಿಲೋಮೀಟರ್ ದೂರದಿಂದ ಬಂದು ಕಾಗದಪತ್ರ ಕೊಡುವುದು ಎಷ್ಟು ಕಷ್ಟ, ಯೋಚಿಸಿ.

ಕಾಡಿನ ಒಳಗಿನವರ ಮಾತು ಬೇರೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರಂಥ ಬುಡಕಟ್ಟಿನವರಿಗೆ ಬೇಲಿ ಕಂಡಿದ್ದು ಇನ್ನೊಂದು ಕಡೆಯಿಂದ. ಅವರನ್ನು ಹೊರಗಿಟ್ಟು ಮುಚ್ಚಿದ ಗೇಟು ಅದು. 2025ರ ಮೇ ತಿಂಗಳಲ್ಲಿ 50ಕ್ಕೂ ಹೆಚ್ಚು ಜೇನು ಕುರುಬ ಕುಟುಂಬಗಳು ನಾಗರಹೊಳೆಯ ಒಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಹೋಗಿ, 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಇದು ನಮ್ಮ ಜಾಗ ಅಂದವು. ಆನೆ ಪರ ಮಾತಾಡುವವರಲ್ಲೂ ಬಹಳ ಜನ ಅವತ್ತು ಸುಮ್ಮನಾದರು. ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಆನೆಯ ಜೊತೆ ಬದುಕುವುದು ಹೇಗೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರುವವರನ್ನು ಬೇಲಿಯ ಸಭೆಗೆ ಕರೆಯದೆ ಎಳೆದ ಯಾವ ಗೆರೆಯೂ ನಿಲ್ಲಲ್ಲ.

ಹಾಗಾಗಿ ನಾನು ನಡೆಯುವವರ ಕಡೆ. ಈ ಪಕ್ಷ ಹಿಡಿದ ಮೇಲೆ ಆನೆಯ ವಿಷಯದಲ್ಲಿ ಏನು ಮಾಡಬೇಕು ಅನ್ನೋದೂ ಸ್ವಲ್ಪ ಸರಳವಾಗುತ್ತೆ. ತೋಟಕ್ಕೊಂದು ಬೇಲಿ ಹಾಕುವುದನ್ನು ನಿಲ್ಲಿಸಬೇಕು. ಒಂದು ಊರಿನ ಎಲ್ಲ ಬೇಲಿಗಳನ್ನೂ ಒಂದೇ ನಕ್ಷೆಯಲ್ಲಿ ನೋಡಬೇಕು. ಆನೆ ತಿರುಗಿ ಕಾಡಿಗೆ ಹೋಗುವ ದಾರಿ ಎಲ್ಲಿ ಅಂತ ಮೊದಲು ಗುರುತಿಸಿ, ಆಮೇಲೆ ತಂತಿ ಎಳೆಯಬೇಕು. ಆ ದಾರಿ ಜನ ನಡೆಯುವ ದಾರಿಯ ಮೇಲೆ ಬೀಳಬಾರದು. ನಸುಕಿನ ಕೆಲಸಕ್ಕೆ ತೋಟದವರು ಗಾಡಿ ಕೊಡಬೇಕು, ಇಲ್ಲವೇ ಕೆಲಸ ಅರ್ಧ ಗಂಟೆ ತಡವಾಗಿ ಶುರುವಾಗಲಿ. ಲೈನ್ ಮನೆಗೆ ಶೌಚಾಲಯ ಕಟ್ಟಿಸುವುದೂ ಆನೆ ಸಮಸ್ಯೆಗೆ ಪರಿಹಾರವೇ, ರೈಲು ಕಂಬಿಗಿಂತ ಎಷ್ಟೋ ಅಗ್ಗದ್ದು.

ನಮ್ಮ ಹಳೆಯ ಬೇಲಿಗಳಲ್ಲಿ ತಡಮೆ ಅಂತ ಇರುತ್ತಿತ್ತು. ಮನುಷ್ಯ ಕಾಲೆತ್ತಿ ದಾಟಬಹುದು, ದನ ದಾಟೋಕೆ ಆಗಲ್ಲ. ಬೇಲಿ ಕಟ್ಟುವವನು ಮೊದಲು ತಡಮೆ ಎಲ್ಲಿ ಅಂತ ನೋಡುತ್ತಿದ್ದ. ಪಕ್ಕದ ಮನೆಯವರ ಕಾಲುದಾರಿ ಮುಚ್ಚಿ ಬೇಲಿ ಹಾಕಿದರೆ ಊರಲ್ಲಿ ಅದು ದೊಡ್ಡ ತಪ್ಪು. ಆ ಲೆಕ್ಕ ಅಜ್ಜನ ಕಾಲದವರಿಗೆ ಬಾಯಿಪಾಠ ಆಗಿತ್ತು.

ಕಳೆದ ವರ್ಷ ಕೊಯ್ಲು ಮುಗಿದ ಮೇಲೆ ನಾವು ತೋಡಿನ ಕಡೆಯ ಬೇಲಿಯನ್ನು ಒಳಗೆ ತೆಗೆದುಕೊಂಡೆವು. ಎರಡು ಸಾಲು ಕಾಫಿ ಹೊರಗೆ ಬಿತ್ತು. ಅಪ್ಪನಿಗೆ ಈಗಲೂ ಅದರ ಬೇಸರ ಇದೆ, ಆ ಗಿಡ ನೆಟ್ಟವರು ಅವರೇ. ಬೇಲಿ ಪಕ್ಕದ ಹಲಸಿನ ಮರದಲ್ಲಿ ಕಾಯಿ ಎಳೆಯದಾಗಿರುವಾಗಲೇ ಇಳಿಸುತ್ತೇವೆ. ಆನೆ ಈಗ ಹೆಚ್ಚಾಗಿ ತೋಡಿನ ಬದಿಯಲ್ಲೇ ಸಾಗುತ್ತೆ, ಹೆಜ್ಜೆ ಗುರುತು ಕಾಣುತ್ತೆ. ಪಕ್ಕದ ದೊಡ್ಡ ತೋಟದವರು ಇನ್ನೂ ಒಪ್ಪಿಲ್ಲ. ಎರಡು ಸಲ ಹೋಗಿ ಮಾತಾಡಿದ್ದೇನೆ. ಅಲ್ಲಿನ ಲೆಕ್ಕ ನೋಡುವ ರೈಟರ್ ನಿಮ್ಮ ಮಾತು ಸರಿ ಅನ್ನುತ್ತಾರೆ, ತೀರ್ಮಾನ ಅವರ ಕೈಯಲ್ಲಿಲ್ಲ.

ಮೊನ್ನೆ ಆ ಅಕ್ಕನನ್ನು ಕೇಳಿದೆ, ದಾರಿ ಹೇಗಿದೆ ಅಂತ.

"ಮುಂಚಿಗಿಂತ ಪರವಾಗಿಲ್ಲ ಅಣ್ಣಾ. ಆ ತಿರುವಿನ ಹತ್ತಿರ ಒಂದು ಲೈಟ್ ಬೇಕಿತ್ತು."

"ಗ್ರಾಮಸಭೆಗೆ ಬನ್ನಿ ಅಕ್ಕಾ, ನೀವೇ ಹೇಳಿ."

"ಸಭೆ ಯಾವಾಗ?"

"ಬುಧವಾರ ಹನ್ನೊಂದಕ್ಕೆ."

"ಅರ್ಧ ದಿನದ ಕೂಲಿ ಹೋಗುತ್ತಲ್ಲಾ" ಅಂದರು.

ಸಭೆಯನ್ನು ಭಾನುವಾರಕ್ಕೆ ಇಡಿ ಅಂತ ಪಂಚಾಯಿತಿಗೆ ಅರ್ಜಿ ಬರೆದಿದ್ದೇನೆ. ಲೈನ್ ಮನೆಗಳಿಂದ ಹದಿನಾಲ್ಕು ಜನ ಸಹಿ, ಹೆಬ್ಬೆಟ್ಟು ಹಾಕಿದ್ದಾರೆ. ನಾಳೆ ಕೊಟ್ಟು ಬರಬೇಕು.